ಹಿಡ್ಯಾಕ ಒಬ್ಬರು ಬೇಕು

ಪಾಲಾಗಿ ಏಳು ತಿಂಗಳು.
ಅಂಗಳದ ನಡುವ ಅಣ್ಣತಮ್ಮರು ನಿಂದರಿಸಿದ ತಗಡು.
ಆ ಕಡೆ ನೆಗೆಣ್ಣಿ ದಾನವ್ವನ ಒಲಿ, ಈ ಕಡೆ ನನ್ನ ಒಲಿ,
ಮಗ್ಗ ಒಂದು ಅತ್ತ, ಒಂದು ಇತ್ತ.
ನಳ ಅವರ ಪಾಲಿಗೆ ಹೋತು; ಆ ಮಾತು ಈಗ ಬ್ಯಾಡ.

ಚುರುಮುರಿಗೆ ಯಾರೂ ವಾಟ್ನಿಪತ್ರ ಓದಿ ಹೇಳಿದ್ದಿಲ್ಲ.
ಬಿಳಿ ಮೊಲ. ಭಾಗ್ಯಾ ಕೆರೂರ ಸಂತ್ಯಾಗಿಂದ
ಬುಟ್ಯಾಗ ಹಾಕ್ಕೊಂಡು ತಂದದ್ದು.
ತಗಡಿನ ಕೆಳಗ ಮಣ್ಣು ಕೆದರಿ
ತನ್ನದಽ ಒಂದು ದಾರಿ ಮಾಡಿಕೊಂಡಿತ್ತು:
ಮುಂಜಾನೆ ನಮ್ಮ ಕಡೆ ಮೆಂತ್ಯಾ ಪಲ್ಲೆ,
ಸಂಜೀಕ ಆ ಕಡೆ ಗಜ್ಜರಿ ತಪ್ಪಲ.

ಮೊಲ ಒದರೂದಿಲ್ಲ.
ಬೆಕ್ಕಾಗಿದ್ರ ಓಣಿ ಎಬ್ಬಿಸ್ತಿತ್ತು.
ಇದು ಮೂಲ್ಯಾಗ ಕೂತು ಹಲ್ಲು ಕಟಕಟ ಕಡೀತು, ಅಷ್ಟಽ.
ಬೆನ್ನ ಮ್ಯಾಲ ಕೈ ಆಡಿಸಿದೆ,
ಒಂದು ಕಡೆ ತುಪ್ಪಳ ಗಂಟುಗಟ್ಟಿತ್ತು.
ಊದಿ ಕೂದಲ ಸರಿಸಿದೆ.
ಬೆರಳಿನ ಒಂದು ಗೆಣ್ಣಿನಷ್ಟು ಗಾಯ,
ತಗಡು ಗೀರಿದ್ದು.
ಒಳಗ ಗುಲಾಬಿ, ನಾ ನಿನ್ನೆ ನೆಯ್ದ ಖಣದ ಬಣ್ಣ.

ಹರದ ಎಳಿ ಕಂಡ್ರ ನನ್ನ ಬೆರಳು
ತಾವಽ ಗಂಟು ಹಾಕಾಕ ಹೋಗತಾವ.
ದನದ ದವಾಖಾನಿ ದಾವಲಸಾಬ ಫೋನಿನ್ಯಾಗ ಬೈದ:
"ಹೊಲಿಯೂ ಮಾತಿಲ್ಲಬೇ, ಸಣ್ಣದೈತಿ.
ಕೂದಲ ಕತ್ತರಿಸೂವಾಗ ಹುಷಾರು,
ಮೊಲದ ಚರ್ಮ ಪತಂಗದ ಕಾಗದ ಇದ್ದಂಗ,
ಜಗ್ಗಿದ್ರ ಅದೂ ಕತ್ತರ್ಯಾಗ ಬರತೈತಿ.
ಉಗುರುಬೆಚ್ಚನ ಉಪ್ಪಿನ ನೀರಿಲೆ ತೊಳಿ.
ಅರಿಷಿಣ ಮೆತ್ತಬ್ಯಾಡ, ಎಣ್ಣಿ ಬ್ಯಾಡ,
ನಿನ್ನ ಸೊಂಟದ ಮುಲಾಮಂತೂ ಬ್ಯಾಡಽ ಬ್ಯಾಡ, ನೆಕ್ಕಿ ಸತ್ತೀತು.
ಕಂದು ಔಷಧ ಐತೆಲ್ಲ, ನೀರಿಗೆ ಹನಿ ಹನಿ ಬಿಡು,
ಹಾಲಿಲ್ಲದ ಚಹಾದ ಬಣ್ಣ ಬಂದ್ರ ಸಾಕು.
ಮತ್ತ ಒಬ್ಬಾಕಿನಽ ಮಾಡಾಕ ಹೋಗಬ್ಯಾಡ.
ಝಾಡಿಸಿ ಒದ್ದು ತನ್ನ ಬೆನ್ನೆಲುಬು ತಾನಽ ಮುರಕೊಂತೈತಿ.
ಹಿಡ್ಯಾಕ ಒಬ್ಬರು ಬೇಕು."

ಹಿಡ್ಯಾಕ ಒಬ್ಬರು.
ಗಂಡ ನೂಲು ತರಾಕ ಬಾಗಲಕೋಟಿಗೆ ಹೋಗ್ಯಾನ.
ಭಾಗ್ಯಾ ರಕ್ತ ಕಂಡ್ರ ಬೀಳಾಕಿ.
ತಗಡಿನ ಮುಂದ ನಿಂತೆ.
ಆಕೀನ್ನ ಕರೀಲಿಲ್ಲ, ತಗಡಿಗೆ ಹೇಳಿದೆ:
"ಚುರುಮುರಿಗೆ ಗಾಯಾಗೈತಿ."
ಆ ಕಡೆ ಲಾಳಿ ಸಪ್ಪಳ ನಿಂತಿತು.

ದಾನವ್ವ ಬಂದ್ಳು, ಸೀರಿ ತುಂಬ ನೂಲಿನ ಚೂರು.
ನನ್ನ ಮಾರಿ ನೋಡಲಿಲ್ಲ, ಮೊಲ ನೋಡಿದ್ಳು.
ಟವಲಿನ್ಯಾಗ ಸುತ್ತಿ, ಅದರ ಕಣ್ಣು ಮುಚ್ಚಿ,
ಹಿಂಗಾಲು ತನ್ನ ಹೊಟ್ಟಿಗೆ ಆನಿಸಿ ಹಿಡದ್ಳು.
ಎರಡು ಹಡದಾಕಿ, ಕಲಿಸಬೇಕಾಗಿದ್ದಿಲ್ಲ.
"ಹೆದರಬ್ಯಾಡ ನನ್ನವ್ವ," ಅಂದ್ಳು. ಮೊಲಕ್ಕ.
"ಒಂದೀಟು ಉರಿತೈತಿ," ಅಂದೆ. ನಾನೂ ಮೊಲಕ್ಕ.
"ನಿನಗ್ಯಾರು ಹೇಳಿದ್ರು ಆ ದಾರ್ಯಾಗ ಬರಾಕ?" ಆಕಿ.
"ಆ ಕಡಿ ಮಂದಿ ಗಜ್ಜರಿ ತೋರಿಸಿದ್ರ ಪಾಪ ಏನು ಮಾಡೀತು?" ನಾನು.
ನಡುವ ಆ ಮುಷ್ಟಿಯಷ್ಟು ಎದಿ
ಪಾವರಲೂಮಿಗಿಂತ ಜೋರು ಬಡಕೊಂತಿತ್ತು.
ಆಕಿ ಕೈಯಾಗಿಂದ ದಾಟಿ
ನನ್ನ ಕೈಗೂ ಗೊತ್ತಾಗತಿತ್ತು.

ಮೆತ್ತನ ಅರಿವಿಲೆ ಒತ್ತಿ ಒಣಗಿಸಿದೆ. ಪಟ್ಟಿ ಕಟ್ಟಲಿಲ್ಲ.
ಹುಲ್ಲು ತಗದು ಮಾವನ ಹಳೇ ಧೋತರ ಹಾಸಿದೆ,
ನೊಣ ಕೂಡಬಾರದಂತ ಮ್ಯಾಲ ಸೊಳ್ಳಿಪರದಿ.
ದಾನವ್ವ ಎದ್ಳು.
ಚಹಾ ಕುಡದು ಹೋಗು ಅನ್ನಬೇಕಿತ್ತು.
ಬಾಯಿ ತಗದೆ, ಬಂದದ್ದು ಬ್ಯಾರೆ:
"ನಾಳೆ ಎರಡು ಹೊತ್ತು ತೊಳೀಬೇಕಂತ."
ಟವಲು ಮಡಚಿಟ್ಟು ಹೋದ್ಳು.

ರಾತ್ರಿ ಕಂದೀಲು ಹಿಡದು ಹಿಕ್ಕಿ ಎಣಿಸಿದೆ.
ಹದಿನಾಲ್ಕು. ತಿಂದೈತಿ ಅಂದ್ರ ಬದುಕತೈತಿ.

ನಸುಕಿನ್ಯಾಗ ಟಣ್ ಟಣ್ ಸಪ್ಪಳ.
ಬಗ್ಗಿ ನೋಡಿದೆ.
ತಗಡಿನ ಕೆಳಗಿನ ಅಂಚು
ಆ ಕಡಿಂದ ಕಲ್ಲಿಲೆ ಬಡದು ಮಡಚ್ಯಾರ,
ಮೊಳಿಲೆ ತೂತು ಹೊಡದು, ಅದಕ್ಕೊಂದು ಹಳೇ ಖಣದ ಗೋಟು
ದಬ್ಬಣದಾಗ ಹೊಲದಾರ.
ದಾರಿ ಮುಚ್ಚಿದ್ದಿಲ್ಲ,
ಒಂದೀಟು ಅಗಲ ಮಾಡಿದ್ರು.
ಮೊಲದ ಅಳತಿಗೆ. ಅಷ್ಟಽ.