ಹೇಳಿಕೊಡಬಲ್ಲದ್ದು

ಫರ್ಮಾಗುಡಿ ಗುಡ್ಡದ ಹಾಸ್ಟೆಲು, ಎರಡನೇ ಮಹಡಿ.
ಹದಿನಾರು ಹುಡುಗಿಯರು, ಎಲ್ಲರೂ ಮೊದಲ ವರ್ಷ,
ನಡುವೆ ಒಂದು ಉದ್ದ ಮೇಜು.
ಜತೆಗಿದ್ದು ಕಲಿಯಬೇಕಂತೆ, ಅದೇ ಇಲ್ಲಿಯ ಪದ್ಧತಿ:
ಒಬ್ಬಳಿಗೆ ಬಂದದ್ದು ಮಲಗುವ ಮೊದಲು
ಇನ್ನೊಬ್ಬಳಿಗೂ ಬಂದಿರಬೇಕು.

ಟ್ರಂಕು ಇಳಿಸಿ ಅಪ್ಪ ಗೋಡೆಗೆ ಗೆಣ್ಣು ಬಡಿದು ನೋಡಿದ.
"ಪ್ಲಾಸ್ಟರ್ ಟೊಳ್ಳ ಐತಿ," ಅಂದ ಮೆಲ್ಲಗೆ,
ವಾರ್ಡನ್ನಿಗೆ ಕೇಳಿಸದ ಹಾಗೆ.
ಮತ್ತೆ ಕದಂಬಾ ಬಸ್ಸು ಹಿಡಿದು ವಾಸ್ಕೋಕ್ಕೆ,
ಝುವಾರಿನಗರದ ತಗಡಿನ ಮನೆಗೆ.
ಅಲ್ಲೇ ಹುಟ್ಟಿದವಳು ನಾನು. ಆದರೂ ಊರು ಯಾವುದೆಂದು
ಯಾರಾದರೂ ಕೇಳಿದರೆ, ಮೂರೇ ಸಲ ಕಂಡ
ಹುನಗುಂದದ ಹೆಸರು ಬಾಯಿಗೆ ಬರುತ್ತದೆ,
ಪಾಠ ಒಪ್ಪಿಸಿದ ಹಾಗೆ.

ಬಾಗಿಲ ಪಕ್ಕ ಒಂದು ಹಾಳೆ ಅಂಟಿಸಿದ್ದರು. ಎಡಕ್ಕೆ ಹೆಸರು,
ಬಲಕ್ಕೆ: ನಾನು ಹೇಳಿಕೊಡಬಲ್ಲದ್ದು.
ಜೆನೋವಿಯಾ ಫುರ್ತಾದೊ: ಕ್ಯಾಲ್ಕುಲಸ್, ಪಿಟೀಲು.
ಸುಲಕ್ಷಾ ವೆಳಿಪ್: ಕೆಮಿಸ್ಟ್ರಿ, ಮರ ಹತ್ತುವುದು.
ಮಡಗಾಂವಿನ ಅವಳಿಗಳು: ಕೋಡಿಂಗ್, ಕೋಡಿಂಗ್.
ಶಿವಲೀಲಾ ಗುಡೂರ
ಎಂದು ಬರೆದು ಎದುರಿಗೆ ಖಾಲಿ ಬಿಟ್ಟೆ.
ಆಮೇಲೆ ಬರೆಯುತ್ತೇನೆ ಅಂದೆ. ಪೆನ್ನು ಕೈಯಲ್ಲೇ ಇತ್ತು.

ಮೂರು ವಾರ ಬರೀ ಇಸಕೊಂಡೆ.
ಇಂಟಿಗ್ರೇಷನ್ನು, ಪಾಯಿಂಟರು, ಚೌತಿಯ ನೆವ್ರಿ,
ಮಳೆಗೆ ಒಣಗದ ಚೂಡಿದಾರಕ್ಕೆ ಯಾರದೋ ಇಸ್ತ್ರಿ.
ಸಾಲದ ಲೆಕ್ಕ ಮನಸ್ಸಿನಲ್ಲೇ ಬರೆದಿಟ್ಟೆ,
ಅವ್ವ ಕಿರಾಣಿ ಅಂಗಡಿಯದನ್ನು ಬರೆದಿಡುವ ಹಾಗೆ:
ತಾರೀಕು, ಹೆಸರು, ಎಷ್ಟು.

ಆಮೇಲೆ ಬಂತು ಡ್ರಾಯಿಂಗ್ ಶೀಟು ನಂಬರ್ ಆರು.
ಓರೆಯಾಗಿ ಕತ್ತರಿಸಿದ ಶಂಕು. ಮುಂದಿನ ನೋಟ, ಮೇಲಿನ ನೋಟ,
ಕತ್ತರಿಸಿದ ಮುಖದ ನಿಜವಾದ ಆಕಾರ.
ಕಾಣದ ಅಂಚಿಗೆ ತುಂಡುಗೆರೆ.
ರಾತ್ರಿ ಹನ್ನೊಂದು. ಮೇಜಿನ ತುಂಬ ರಬ್ಬರಿನ ಪುಡಿ.
ಜೆನೋವಿಯಾ ಅಳುತ್ತಿದ್ದಳು, ಅಷ್ಟು ಕ್ಯಾಲ್ಕುಲಸ್ ಬಲ್ಲವಳು:
"ಒಳಗೆ ಏನಿದೆ ಅಂತ ಹೊರಗಿನಿಂದ ಹೇಗೆ ಗೊತ್ತಾಗಬೇಕು?"

ನನಗೆ ನಗು ಬಂತು, ನಾಚಿಕೆಯೂ.
ಎಂಟು ವರ್ಷದವಳಿದ್ದಾಗ ಅಪ್ಪನಿಗೆ ಬುತ್ತಿ ಒಯ್ಯುತ್ತಿದ್ದೆ.
ಕಾಂಕ್ರೀಟು ಬೀಳುವ ಮೊದಲು ಕಂಬವೆಂದರೆ
ಕಬ್ಬಿಣದ ಪಂಜರ; ಅದರೊಳಗೆ ಕೈ ಹಾಕಿ ಆಡಿದ್ದೇನೆ.
ಈಗಲೂ ಯಾವ ಕಂಬ ಕಂಡರೂ ಮೊದಲು ಕಾಣುವುದು ಸರಳು,
ಎರಡು ಸರಳು ಕೂಡುವಲ್ಲಿ
ಅಪ್ಪ ತಿರುವಿದ ತಂತಿಯ ಗಂಟು.

ಬಕೆಟ್ಟಿನಿಂದ ಬಟ್ಟೆ ಸೋಪು ತಂದೆ, ನೀಲಿಯದು.
ಚಾಕುವಿನಲ್ಲಿ ಶಂಕು ಕೆತ್ತಿ
ಹೊಲಿಗೆ ದಾರ ಬಿಗಿಹಿಡಿದು ಓರೆಯಾಗಿ ಕೊಯ್ದೆ.
ಮೇಲಿನ ತುಂಡು ಸರಿಸಿದೆ.
"ಮೊಟ್ಟೆ!" ಅಂದಳು ಸುಲಕ್ಷಾ.
ಜೆನೋವಿಯಾ ಮೂಗು ಒರೆಸಿಕೊಂಡು, ಇನ್ನೊಮ್ಮೆ ಅಂದಳು, ನಿಧಾನ.
ಒಬ್ಬೊಬ್ಬರೇ ಎದ್ದು ತಮ್ಮ ತಮ್ಮ ಸೋಪು ತಂದರು.
ಎರಡು ಗಂಟೆಯ ತನಕ ಕೊಯ್ದೆವು.
ನನ್ನ ಮುರುಕು ಕೊಂಕಣಿಯನ್ನು ಯಾರೂ ತಿದ್ದಲಿಲ್ಲ,
ಎಲ್ಲರ ಕಣ್ಣೂ ದಾರದ ಮೇಲೆ.

ಮರುದಿನ ಮಹಡಿಯೆಲ್ಲ ಬಟ್ಟೆ ಒಗೆದದ್ದು
ಶಂಕುಗಳಲ್ಲಿ, ತಲೆ ಹಾರಿದ ಪಿರಮಿಡ್ಡುಗಳಲ್ಲಿ.
ಒಂದು ಮೊನೆ ನನ್ನ ದುಪಟ್ಟಾ ಹರಿಯಿತು.
ಶೀಟಿಗೆ ನನಗೆ ಬಂದದ್ದು ಹತ್ತಕ್ಕೆ ಆರು. ಗೆರೆ ದಪ್ಪವಂತೆ.

ಸಂಜೆ ನೋಡಿದರೆ ಹಾಳೆಯಲ್ಲಿ, ನನ್ನ ಹೆಸರಿನ ಎದುರು,
ಯಾರೋ ಪೆನ್ಸಿಲಿನಲ್ಲಿ ಬರೆದಿದ್ದರು: ಸಾಬೂ.
ಕೊಂಕಣಿಯಲ್ಲಿ ಅಷ್ಟೇ. ನಮ್ಮಲ್ಲಿ ಕೊನೆಗೊಂದು 'ನು' ಇದೆ.
ಸೇರಿಸಲೋ ಬೇಡವೋ ಎನ್ನುತ್ತ
ಅಲ್ಲೇ ನಿಂತು ಗೋಡೆಗೆ ಗೆಣ್ಣು ಬಡಿದೆ.
ಖರೆ, ಟೊಳ್ಳ ಐತಿ.
ಬಾಗಿಲು ಬಡಿದರೆಂದು ತಿಳಿದು ಒಳಗಿನಿಂದ ಯಾರೋ
"ಯೋ ಗೋ" ಅಂದರು,
ಬಾರೇ ಅಂತ.