ಠೇವಣಿ

ಚುನಾವಣೆ ಘೋಷಣೆಯಾದ ಮೂರನೇ ದಿನ
ಆದೂರು ಠಾಣೆಯಿಂದ ಫೋನು:
ಕೋವಿ ತಂದು ಒಪ್ಪಿಸಬೇಕು.
ಹಳೇ ಹೊದಿಕೆಯಲ್ಲಿ ಸುತ್ತಿ, ಹಗ್ಗ ಬಿಗಿದು
ಮುಳ್ಳೇರಿಯಾ ಬಸ್ಸು ಹತ್ತಿದೆ.
"ಎಂತ ಅಕ್ಕ, ಹಾರೆಯಾ?" ಕಂಡಕ್ಟರ್ ಕೇಳಿದ.
"ಹೌದು, ಹಾರೆ," ಅಂದೆ.
ನಂಬಲಿಲ್ಲ. ಟಿಕೇಟು ಮಾತ್ರ ಒಂದೇ ಕೊಟ್ಟ.

ಠಾಣೆಯ ಗೋಡೆಗೆ ಒರಗಿ ಹನ್ನೊಂದು ಕೋವಿ,
ಕೊರಳಿಗೆ ಚೀಟಿ ಕಟ್ಟಿಸಿಕೊಂಡು
ಪೋಲಿಯೋ ಹನಿಗೆ ಬಂದ ಮಕ್ಕಳ ಹಾಗೆ.
ಬೆಂಚಿನ ಮೇಲೆ ಅವುಗಳ ಯಜಮಾನರು,
ಹೆಂಗಸು ನಾನೊಬ್ಬಳೇ.
ರೈಟರು ಮಲಯಾಳದಲ್ಲಿ ಬರೆದುಕೊಂಡ:
ತೋಕ್ಕ್, ಒನ್ನ್.
ನಮ್ಮ ಐತ್ತಪ್ಪ ನಾಯ್ಕರ ಬಾಯಲ್ಲಿ ಅದು ಬೆಡಿ.
ನಾನು ಶಾಲೆಯಲ್ಲಿ ಕಲಿತದ್ದು ಕೋವಿ.
ಮೂರು ಭಾಷೆಯಲ್ಲಿ ಕರೆದರೂ ಅದಕ್ಕೆ
ಬರುವುದು ಒಂದೇ ಮಾತು.

ಅವರು ಹೋದ ಮೇಲೆ
ಹದಿನಾಲ್ಕು ತಿಂಗಳು ಬೇಡಿ ಬೇಡಿ
ನನ್ನ ಹೆಸರಿಗೆ ಬಂದ ಬೆಡಿ.
ಮರಣಪತ್ರ, ವಾರಸುಪತ್ರ, ಕಣ್ಣಿನ ಡಾಕ್ಟರ ಪತ್ರ,
ಆಕ್ಷೇಪವಿಲ್ಲವೆಂದು ನೆರೆಯವನ ಸಹಿ.
ನೆರೆಯವನೆಂದರೆ ಕುಂಞಂಬು.
ಅವನ ಎಡಗಾಲಿನ ಮೀನಖಂಡದಲ್ಲಿ
ಈಗಲೂ ಮೂರು ಚರೆ ಇದೆ.
ಮರಗೆಣಸಿನ ಹಿತ್ತಲಲ್ಲಿ ಅಲುಗಿದ್ದು ಹಂದಿಯೆಂದು
ನಮ್ಮವರು ಹೊಡೆದದ್ದು.
ಕುಂಟುತ್ತ ಬಂದು ಸಹಿ ಹಾಕಿದ,
ಚಾ ಕುಡಿದ, ಸಕ್ಕರೆ ಸಾಲದು ಅಂದ.

ಬೆಂಚಿನ ಮೇಲೆ ದೇಲಂಪಾಡಿಯ ವರ್ಗೀಸ್:
"ಅಮೆರಿಕದಲ್ಲಿ ಬಂದೂಕು ಸಂವಿಧಾನದಲ್ಲೇ ಬರೆದ ಹಕ್ಕು.
ನಾವಿಲ್ಲಿ ಕಳ್ಳರ ಹಾಗೆ ಕೂತಿದ್ದೇವೆ."
"ಅಷ್ಟು ದೂರ ಯಾಕೆ?" ಮೊಯ್ದು ಹಾಜಿ ಕೆಮ್ಮಿದರು,
"ಘಟ್ಟ ಹತ್ತಿದರೆ ಕೊಡಗು. ಕೊಡವರಿಗೆ
ಪರವಾನಗಿಯೇ ಬೇಡವಂತೆ.
ಆಚೆ ಈಚೆ ಎರಡೂ ಕಾನೂನು ಗೊತ್ತಿರುವುದು
ಹಂದಿಗೆ ಮಾತ್ರ."

ಕಳೆದುಹೋದ ಪಾಸ್‌ಬುಕ್ಕಿಗೆ ದೂರು ಕೊಡಲು ಬಂದ
ವೆಂಕಪ್ಪ ಮಾಸ್ಟ್ರು ಕನ್ನಡಕ ಒರೆಸಿಕೊಂಡರು:
"ನಮ್ಮದರಲ್ಲೂ ಉಂಟಪ್ಪ ಆಯುಧದ ಮಾತು,
ಹಕ್ಕುಗಳ ಪುಟದಲ್ಲೇ.
ಸಭೆ ಸೇರಬಹುದು, ಶಾಂತವಾಗಿ,
ಆಯುಧವಿಲ್ಲದೆ."
ಫ್ಯಾನಿನ ಸದ್ದು ಸ್ವಲ್ಪ ಹೊತ್ತು.
"ಹಂದಿಗಳು ಸಭೆ ಸೇರಿದರೆ ಮಾಸ್ಟ್ರೇ?"
ಎಲ್ಲರೂ ನಕ್ಕರು. ನಾನೂ ನಕ್ಕೆ.

ಬಸ್ಸಿನಲ್ಲಿ ಆ ಮಾತು ನನ್ನ ಪಕ್ಕ ಕೂತಿತು.
ಆ ರಾತ್ರಿ ನಮ್ಮ ಅಂಗಳದಲ್ಲಿ ಸಭೆಯೇ ಸೇರಿತ್ತು.
ಕುಂಞಂಬುವನ್ನು ಕುರ್ಚಿಯಲ್ಲಿ ಕೂರಿಸಿ
ಜೀಪು ನಿಂತಲ್ಲಿಗೆ ಹೊರಬೇಕು.
ನಾಲ್ಕು ಕಾಲಿನ ಕುರ್ಚಿಗೆ ಮೂರು ಜನ.
ನಮ್ಮವರು ಕಟ್ಟೆಯ ಹತ್ತಿರ ಕೋವಿ ಹಿಡಿದೇ ನಿಂತಿದ್ದರು.
ಎಲ್ಲಿಡುವುದೆಂದು ತಿಳಿಯದೆ,
ಮಕ್ಕಳ ಕೈಗೆ ಸಿಗದ ಜಾಗ ಹುಡುಕುತ್ತ,
ತುಂಬಿದ್ದೋ ಬರಿದೋ ಎಂಬುದೂ ಮರೆತು.
ಹೊರಲು ಒಂದು ಕೈ ಕಡಿಮೆ ಬಿತ್ತು.
ನಾನು ಸೆರಗು ಸಿಕ್ಕಿಸಿ ನಾಲ್ಕನೇ ಕಾಲು ಎತ್ತಿದೆ.

ಕೋವಿ ಇಲ್ಲದ ನಲವತ್ತು ರಾತ್ರಿ.
ಎಣ್ಣೆ ಡಬ್ಬ ಬಡಿದೆ. ಆಚೆ ಬೇಲಿಯಿಂದ
ಕುಂಞಂಬು ತನ್ನದೇ ತಾಳದಲ್ಲಿ ಬಡಿದ.
ಹಂದಿಗಳು ಮೊದಲ ವಾರ ಹೆದರಿದವು,
ಆಮೇಲೆ ಕೇಳಿಸಿಕೊಂಡವು,
ಆಮೇಲೆ ತಿಂದವು.
"ಕೋವಿ ಬಿಡಬೇಡ ಸುಗಂಧಿಯಕ್ಕ,"
ಬೇಲಿಯ ಆಚೆಯಿಂದ ಅವನೇ ಹೇಳಿದ.
"ಹೊಡೆಯುವ ಮೊದಲು ಒಮ್ಮೆ ಹೆಸರು ಕೂಗು, ಸಾಕು."
ಯಾರ ಹೆಸರು, ನಾನು ಕೇಳಲಿಲ್ಲ.

ಫಲಿತಾಂಶ ಬಂತು. ಯಾರೋ ಠೇವಣಿ ಕಳೆದುಕೊಂಡರು.
ಠಾಣೆಯಿಂದ ಫೋನು:
ನಿಮ್ಮದನ್ನು ಕೊಂಡುಹೋಗಿ, ಇಲ್ಲಿ ಜಾಗವಿಲ್ಲ.

ರಶೀದಿ ಅಕ್ಕಿ ಡಬ್ಬದೊಳಗೆ ಇದೆ,
ಮತದ ಚೀಟಿಯ ಜೊತೆ.
ಇವತ್ತು ಶುಕ್ರವಾರ. ಸೋಮವಾರ ಹೋಗಬಹುದು.
ಮರಗೆಣಸು ಇನ್ನೂ ನಾಲ್ಕು ಸಾಲು ಉಳಿದಿದೆ.
ಡಬ್ಬದ ತಳ ಮಾತ್ರ
ಬಡಿದು ಬಡಿದು ತೂತಾಗಿದೆ.