ಕಳೆದ ತಿಂಗಳು ಹದಿನೆಂಟಕ್ಕೆ

ಕೂಡ್ಲೂರು ಕೈಗಾರಿಕಾ ಪ್ರದೇಶ, ಕೊನೆಯ ಶೆಡ್ಡು.
ತಗಡಿನ ಮೇಲೆ ಆಗಸ್ಟಿನ ಮಳೆ, ಡಬ್ಬಿಯಿಂದ ಬೋಲ್ಟು ಸುರಿದಂತೆ.
ಸುಂಟಿಕೊಪ್ಪದಿಂದ ಫೋನು:
ಹೂಮಳೆ ಈ ಸಲ ಫೆಬ್ರವರಿಯಲ್ಲೇ ಬಿತ್ತಲ್ಲ,
ಅರೇಬಿಕ ಬೇಗ ಕೆಂಪಾಗುತ್ತದೆ,
ಪಲ್ಪರು ನವೆಂಬರಿಗಲ್ಲ, ಅಕ್ಟೋಬರ್ ಮೂರಕ್ಕೆ ಬೇಕು.
ಹದಿನಾಲ್ಕೂ.

ತಾರೀಖು ಬದಲಿಸಿ ಗುಂಡಿ ಒತ್ತಿದೆ.
ಪರದೆ ತುಸು ಯೋಚಿಸಿ ಕೆಂಪಕ್ಷರದಲ್ಲಿ ಹೇಳಿತು:
ಡ್ರಮ್ಮಿನ ಎರಕ, ಎಂಟು.
ಆರ್ಡರ್ ಹಾಕಬೇಕಾದ ದಿನ, ಜುಲೈ ಹದಿನೆಂಟು.

ಇಂದು ಆಗಸ್ಟ್ ಹನ್ನೆರಡು.

ಅದರ ತಪ್ಪಿಲ್ಲ. ಹೀಗೆ ಎಣಿಸಲು ಕಲಿಸಿದವಳು ನಾನೇ:
ಕೊಡುವ ದಿನದಲ್ಲಿ ನಿಲ್ಲು, ಬೆನ್ನ ಕಡೆಗೆ ನಡೆ.
ಜೋಡಣೆಗೆ ಎರಡು ವಾರ, ಹಿಂದೆ ಬಾ.
ಲೇತಿನ ಮೇಲೆ ಮೂರು ವಾರ, ಇನ್ನೂ ಹಿಂದೆ.
ಬೆಳಗಾವಿಯ ಕುಲುಮೆಯಲ್ಲಿ ಆರು.
ಬಸ್ಸು ರಿವರ್ಸ್ ತೆಗೆಸುವ ಕಂಡಕ್ಟರನ ಹಾಗೆ
ಬರ್ಲಿ ಬರ್ಲಿ ಬರ್ಲಿ ಅನ್ನುತ್ತಾ
ಗೋಡೆಗೆ ತಾಗಿಸಿದೆ.

ಪಲ್ಪರ್ ಅಂದರೆ ನನಗೆ ಬೇರು ಮೇಲಿರುವ ಒಂದು ಮರ.
ಕೆಳಗೆ ಕೊಂಬೆಗಳು: ಡ್ರಮ್ಮು ಒಂದು,
ಗುಳ್ಳೆ ಎಬ್ಬಿಸಿದ ತಾಮ್ರದ ಹಾಳೆ ಒಂದು, ಬೇರಿಂಗು ಎರಡು,
ತುದಿಯ ಚಿಗುರಲ್ಲಿ ಒಂದು ರೂಪಾಯಿಯ ವಾಷರು.
ಆ ವಾಷರಿಲ್ಲದೆ ಲಕ್ಷದ ಮೆಷೀನು ನಿಂತದ್ದನ್ನು ನೋಡಿದ್ದೇನೆ.
ಮದುವೆ ಅಡುಗೆಗೆ ಉಪ್ಪು ತರಲು ಮರೆತಂತೆ
ಎಲ್ಲರೂ ಎಲ್ಲರ ಮುಖ ನೋಡುತ್ತಿದ್ದರು.

ಸ್ಟೋರಿಗೆ ಹೋದೆ.
"ಜತ್ತಪ್ಪ, ಲೆಕ್ಕದಲ್ಲಿ ಆರು ಡ್ರಮ್ ಇವೆ."
"ಆರಿವೆ ಮೇಡಂ. ಒಂದಕ್ಕೆ ಬಿರುಕು."
ಗೋಣಿ ಸರಿಸಿ ತೋರಿಸಿದ.
ಎರಡು ವರ್ಷದಿಂದ ಅದು ಪರದೆಯಲ್ಲಿ ಗಟ್ಟಿಮುಟ್ಟಾಗಿದೆ.
ತೆಗೆದುಹಾಕಿದರೆ ಬೀಳಿಸಿದ್ದು ಯಾರೆಂದು ಬರೆಯಬೇಕಲ್ಲ.
"ಮದ್ದುಸೊಪ್ಪು ಆಟಿ ಹದಿನೆಂಟಕ್ಕೆ ಕೊಯ್ದರೆ ಮದ್ದು," ಅಂದ,
ನನ್ನ ಸಮಾಧಾನಕ್ಕೋ, ತನ್ನದಕ್ಕೋ,
"ಆಮೇಲೆ ಬರೀ ಸೊಪ್ಪು."
ಅವನ ಮನೆಯಲ್ಲಿ ಆಟಿ, ನಮ್ಮಲ್ಲಿ ಕಕ್ಕಡ.
ಹದಿನೆಂಟು ಮಾತ್ರ ಇಬ್ಬರಿಗೂ ಹದಿನೆಂಟೇ.

ಬೆಳಗಾವಿಗೆ ಫೋನು ಹಚ್ಚಿದೆ. ಶಿಂತ್ರೆ ನಕ್ಕರು.
ಕುಲುಮೆ ತುಂಬಿದೆ, ಗಣಪತಿ ಹಬ್ಬಕ್ಕೆ ಹುಡುಗರು ಊರಿಗೆ.
ಬೇಡಿದೆ, ಜಗಳ ಮಾಡಿದೆ, ಹಳೆಯ ಬಾಕಿ ನೆನಪಿಸಿದೆ.
"ನಾಕು ಕೊಡ್ತೀನ್ರೀ. ಐದನೇದು ಕೇಳಬ್ಯಾಡ್ರಿ."

ಐದು, ಮತ್ತೆ ನಾಲ್ಕು.
ಬಿರುಕಿನದನ್ನು ಯೂಸುಫ್ ಎತ್ತಿಕೊಂಡು ಹೋದ.
ಕಾಯಿಸಿ, ಬೆಸೆದು, ಬೂದಿಯೊಳಗೆ ಹೂತಿಟ್ಟ.
ಯಾವಾಗ ಆಗುತ್ತೆ ಅಂದೆ.
"ಅದಾಗಿಯೇ ಆರಬೇಕು. ಅವಸರ ಮಾಡಿದರೆ
ಪಕ್ಕದಲ್ಲೇ ಮತ್ತೆ ಬಿರಿಯುತ್ತೆ."
ಬೂದಿಗೆ ಎಷ್ಟು ದಿನವೆಂದು ಬರೆಯಲು
ನನ್ನ ಪರದೆಯಲ್ಲಿ ಕಾಲಂ ಇಲ್ಲ.

ಅದು ಆರಿದರೆ ಹತ್ತು.
ಇಲ್ಲವೆನ್ನಬೇಕಾದ ನಾಲ್ಕು ತೋಟಗಳನ್ನು
ಯಾವ ಲೆಕ್ಕವೂ ಆರಿಸಿಕೊಡುವುದಿಲ್ಲ.
ಹೆಸರು ಬರೆದೆ, ಹೊಡೆದು ಹಾಕಿದೆ, ಮತ್ತೆ ಅದೇ ಹೆಸರು ಬರೆದೆ.

ಸಂಜೆ ರಿಜಿಸ್ಟರಿನಲ್ಲಿ ಜುಲೈ ಹದಿನೆಂಟನ್ನು ಹುಡುಕಿದೆ.
ಹನ್ನೊಂದರಿಂದ ಕರೆಂಟಿಲ್ಲ, ಅಷ್ಟೇ.
ನೆನಪಾಯಿತು: ಅಂದು ಜತ್ತಪ್ಪ ಡಬ್ಬಿ ತೆರೆದಿದ್ದ, ಕಳಲೆ ಪಲ್ಯ,
ಮೂರು ದಿನ ನೀರು ಬದಲಿಸಿದ್ದು, ಧೈರ್ಯವಾಗಿ ತಿನ್ನಿ ಅಂದಿದ್ದ.
ಮೂವರೂ ಒಂದೇ ಡಬ್ಬಿಗೆ ಕೈ ಹಾಕಿದೆವು.
ಫೋನು ಮೇಜಿನ ಮೇಲೆ ಸುಮ್ಮನಿತ್ತು.
ಯಾರೂ ಏನೂ ಕೇಳಿರಲಿಲ್ಲ, ಯಾರೂ ತಪ್ಪಿರಲಿಲ್ಲ.

ಹಾಗೆಂದು ಬರೆದು ಮುಗಿಸಬಹುದಿತ್ತು.
ಆದರೆ ಫೆಬ್ರವರಿಯ ಆ ಮಳೆಗೆ ನಾನೂ ನೆನೆದಿದ್ದೆ,
ಕುಶಾಲನಗರದ ಬಸ್ ಸ್ಟ್ಯಾಂಡಿನಲ್ಲಿ, ಕೊಡೆಯಿಲ್ಲದೆ.
ಆರ್ಡರು ಬಂದದ್ದು ಅಂದೇ.
ಸೆರಗು ಹಿಂಡಿಕೊಂಡು
ಬಸ್ಸು ಹತ್ತಿದೆ.